ಜವರನ ಮನೆಯ ಇಲಿ ಬಾಣಂತನ

ನಿಂತವರು ಕೂತ್ಕೊಳ್ಳಿ, ಕೂತವರು ಒಂಚೂರು ಒತ್ತಿ ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ. ತಡೆದುಕೊಂಡು ಹೊಟ್ಟೆನೋವು ಬರಿಸಿಕೊಂಡರೆ ನಾನು ಹೊಣೆಯಲ್ಲ.

ಹೊಳೆ ಈಚೆಗೆ ಒಂದೂರು. ಆ ಊರಲ್ಲಿ ಚಿಕ್ಕತಾಯವ್ವ ಅಂತ ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದ, ಇದ್ದವನು ಒಬ್ಬನೇ ಮಗ, ಜವರ. ಆಳು ನೋಡಿದರೆ ಬಾಗಿಲು ತುಂಬ ಇದ್ದ, ತಲೆಯೊಳಗೆ ಮಾತ್ರ ಬೇಕಾದಷ್ಟು ಜಾಗ ಖಾಲಿ ಇತ್ತು. ಸೋಮಾರಿಯಲ್ಲ, ಸುಳ್ಳುಗಾರನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಪತ್ರಯ! "ಬಾಗಿಲು ನೋಡ್ಕೊಂಡಿರು ಕಣಪ್ಪ" ಅಂತ ಒಂದು ದಿನ ಹೇಳಿ ಹೋದರೆ, ಸಂಜೆತನಕ ಬಾಗಿಲನ್ನೇ ನೋಡುತ್ತ ಕೂತಿದ್ದ. ಹಿತ್ತಲ ಕಡೆಯಿಂದ ಎಮ್ಮೆ ನುಗ್ಗಿ ಒಣಹಾಕಿದ್ದ ರಾಗಿಯನ್ನೆಲ್ಲ ಮೇಯ್ದು ಹೋಯಿತು. ಬಾಗಿಲು ಮಾತ್ರ ಇದ್ದ ಜಾಗದಲ್ಲೇ ಇತ್ತು.

"ಊರೋರೆಲ್ಲ ಮಕ್ಕಳು ಹೇಳಿದ ಮಾತು ಕೇಳಕ್ಕಿಲ್ಲ ಅಂತ ಅಳ್ತಾರೆ. ನನ್ನ ಮಗ ಕೇಳ್ತಾನಲ್ಲಪ್ಪಾ ಅಂತ ನಾನು ಅಳ್ತೀನಿ!" ಅಂತ ಚಿಕ್ಕತಾಯವ್ವ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಆಗ್ಲಿ ಕಣವ್ವ, ಇನ್ಮೇಲೂ ಕೇಳ್ತೀನಿ" ಅನ್ನುತ್ತಿದ್ದ ಜವರ.

ಅವಳಿಗೆ ಒಂದೇ ಚಿಂತೆ. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ದಿಕ್ಕು ಯಾರು? ಹೊಳೆಯಾಚೆ ಊರಲ್ಲಿ ಅಣ್ಣ ಮರಿಗೌಡ ಇದ್ದ. ಅವನ ಮೀಸೆ ಎರಡೂ ಕಿವಿಗಳನ್ನು ಮಾತಾಡಿಸಿ ಬರುವಷ್ಟು ಉದ್ದ. ಅವನ ಕಿರಿಮಗಳು ಹೊನ್ನಿ. ಚುರುಕು, ನಗುಮುಖ. ಹೊನ್ನಿಯನ್ನು ಸೊಸೆ ಮಾಡಿಕೊಂಡರೆ ನೆಮ್ಮದಿಯಾಗಿ ಸಾಯಬಹುದು ಅಂತ ಚಿಕ್ಕತಾಯವ್ವನ ಆಸೆ. ಆದರೆ ಗೌಡನ ಹೆಂಡತಿ ರಂಗವ್ವನಿಗೂ ಒಬ್ಬ ಅಣ್ಣ, ಅಣ್ಣನಿಗೂ ಒಬ್ಬ ಮಗ, ಚೆಲುವಯ್ಯ. ಅವನು ಮಹಾ ಜಾಣ. ಸೋದರತ್ತೆ ಮಗನಿಗೂ ಹಕ್ಕು, ಸೋದರಮಾವನ ಮಗನಿಗೂ ಹಕ್ಕು. ಗಂಡ ಹೆಂಡಿರು ದಿನಾ ಜಗಳ.

ಹೊನ್ನಿಯೇ ಜಗಳ ಬಿಡಿಸಿದಳು. ಅವಳಿಗೆ ಬಿಳಿ ಇಲಿ ಸಾಕುವ ಹುಚ್ಚು. ಯಾವನೋ ಮೋಡಿಯಾಟದವನು ಕೊಟ್ಟು ಹೋದ ಒಂದು ಜೋಡಿ, ಮರಿ ಹಾಕಿ ಮರಿ ಹಾಕಿ ಗಡಿಗೆಗಟ್ಟಲೆ ಆಗಿದ್ದವು.

"ಇಬ್ರಿಗೂ ಒಂದೊಂದು ಜೋಡಿ ಇಲಿ ಕೊಡಪ್ಪ" ಅಂದಳು. "ಯಾರ ಮನೇಲಿ ಮರಿ ಹುಟ್ಟಿ, ಒಂದೂ ಸಾಯದಂಗೆ ಕಣ್ಣು ಬಿಡ್ತವೋ ಅವರ ಮನೆಗೆ ನಾನು. ಇಲಿಮರಿ ನೋಡ್ಕೊಳ್ಳಾಕೆ ಬರದೋನು ನನ್ನೇನು ನೋಡ್ಕಂಡಾನು?"

ಇಲಿ ತರಲು ತಾಯಿಯ ಜತೆ ಬಂದಿದ್ದ ಜವರನ ಕೈಗೆ ಗಡಿಗೆಯನ್ನಿಡುತ್ತ ಹೊನ್ನಿ ಒಂದೊಂದಾಗಿ ಹೇಳಿದಳು. "ತೆಂಗಿನ ನಾರು, ಹಳೇ ಬಟ್ಟೆ ಚಿಂದಿ ಹಾಕು, ಗೂಡು ಅದೇ ಕಟ್ಕತದೆ. ನೆನೆಸಿದ ಹೆಸರುಕಾಳು ಕೊಡು. ಹೆಣ್ಣಿನ ಹೊಟ್ಟೆ ದುಂಡಗಾದ ತಕ್ಷಣ ಗಂಡನ್ನ ಬೇರೆ ಗಡಿಗೆಗೆ ಹಾಕಿ ಮುಚ್ಚಿಡು. ಮರಿ ಕಣ್ಣು ಬಿಡೋಗಂಟ ಆಚೆ ಬಿಡಬ್ಯಾಡ. ಮರಿ ಮುಟ್ಟಬ್ಯಾಡ. ಮುಟ್ಟಲೇಬೇಕು ಅಂದ್ರೆ ಗೂಡಿನ ಚಿಂದೀನೇ ಕೈಗೆ ಉಜ್ಜಿಕೊಂಡು ಮುಟ್ಟು, ಇಲ್ದಿದ್ರೆ ಮನುಷ್ಯರ ವಾಸನೆ ಹತ್ತಿ ತಾಯಿ ತನ್ನ ಮರೀನೇ ತಿಂದುಬಿಡ್ತದೆ. ಎಲ್ಲಕ್ಕಿಂತ ಮುಖ್ಯ, ಬೆಕ್ಕಿನ ಕಣ್ಣಿಗೆ ಮಾತ್ರ ಬೀಳಬಾರ್ದು!"

"ಆಗ್ಲಿ" ಅಂದ ಜವರ. ಚಿಕ್ಕತಾಯವ್ವ ಅಲ್ಲೇ ಮನೆದೇವರಿಗೆ ಹರಕೆ ಹೊತ್ತಳು.

ಮಾರನೆಯ ದಿನ ಅವಳು ಗದ್ದೆಯಿಂದ ಬರುತ್ತಿದ್ದರೆ ಬೀದಿಯ ತುಂಬ ಗಲಾಟೆ. ಒಂದು ಬೆಕ್ಕು ಕಂಬಕ್ಕೆ ಗುದ್ದಿಕೊಳ್ಳುತ್ತಿದೆ. ಇನ್ನೊಂದು ಮೊಸರಿನ ಗಡಿಗೆಗೆ ಬಿದ್ದಿದೆ. ಮತ್ತೊಂದು ನಾಯಿಯ ಬೆನ್ನ ಮೇಲೆ ಹತ್ತಿ ಕೂತಿದೆ, ಅದು ಜಗಲಿ ಅಂದುಕೊಂಡಿದೆ, ನಾಯಿ ಊರು ಸುತ್ತುತ್ತಿದೆ. ಎಲ್ಲಾ ಬೆಕ್ಕಿನ ಕಣ್ಣಿಗೂ ಪಟ್ಟಿ!

"ಯಾರ್ ಮಾಡಿದ್ರೇ ಈ ಕೆಲಸಾನ?" ಪಕ್ಕದ ಮನೆ ಸಾಕವ್ವ ಬೊಬ್ಬೆ ಹಾಕುತ್ತಿದ್ದಳು.

"ನಾನೇ ಕಣಕ್ಕ" ಅಂದ ಜವರ. ಮೈಯೆಲ್ಲ ಪರಚಿದ ಗಾಯ, ಮುಖದಲ್ಲಿ ಮಾತ್ರ ದೊಡ್ಡ ನಗು. "ಬೆಕ್ಕಿನ ಕಣ್ಣಿಗೆ ಬೀಳಬಾರ್ದು ಅಂತ ಹೊನ್ನಿ ಹೇಳವ್ಳೆ. ಊರಲ್ಲಿ ಒಂದು ಬೆಕ್ಕೂ ಬಿಡನಿಲ್ಲ!"

"ಅಯ್ಯೋ ನನ್ನ ಹಣೆಬರಾನೇ!" ಚಿಕ್ಕತಾಯವ್ವ ಹಣೆ ಚಚ್ಚಿಕೊಂಡಳು. "ಬೆಕ್ಕಿಗೆ ಕಣ್ಣು ಕಟ್ಟೋದಲ್ಲ ಕಣ್ಲಾ! ಜೋಪಾನ ಮಾಡಬೇಕಾದ್ದನ್ನ ಎತ್ತರಕ್ಕೆ ಏರಿಸಿ ಇಡಬೇಕು. ಯಾರ ಕೈಗೂ ಎಟುಕಬಾರ್ದು, ತಾನೂ ಕೆಳಕ್ಕೆ ಇಳಿಯಾಕೆ ಆಗಬಾರ್ದು. ತಿಳೀತಾ?"

"ತಿಳೀತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಗಡಿಗೆ ಸೂರಿನಿಂದ ತೂಗುವ ಹಗ್ಗದ ನೆಲುವಿಗೆ ಏರಿತು. ಚೆನ್ನಾಗೇ ಇತ್ತು. ಕೆಲವು ದಿನಕ್ಕೆ ಹೆಣ್ಣಿಲಿಯ ಹೊಟ್ಟೆ ನೆಲ್ಲಿಕಾಯಿಯ ಹಾಗೆ ದುಂಡಗಾಯಿತು. ಜವರ ಗಂಡಿಲಿಯನ್ನು ಹಿಡಿದು ಬೇರೆ ಗಡಿಗೆಗೆ ಹಾಕಿ, ಉಸಿರಾಡಲು ತೂತಿನ ಮುಚ್ಚಳ ಮುಚ್ಚಿದ. ಅದರಲ್ಲೂ ತಪ್ಪಿಲ್ಲ. ಚಿಕ್ಕತಾಯವ್ವನಿಗೆ ತುಸು ಆಸೆ ಚಿಗುರಿತು.

ಅಷ್ಟರಲ್ಲಿ ಸುದ್ದಿ ಬಂತು, ರಂಗವ್ವ ಇಲಿ ನೋಡಲು ಬರುತ್ತಿದ್ದಾಳೆ. ನೋಡಲು ಅಂದರೆ ಏನು, ಹುಳುಕು ಹುಡುಕಲು. ಚಿಕ್ಕತಾಯವ್ವ ಎಲೆ ಅಡಿಕೆ ತರಲು ಅಂಗಡಿಗೆ ಓಡಿದಳು. ಓಡುತ್ತಲೇ ಕೂಗಿದಳು, "ಲೋ, ಅತ್ತೆ ಬಂದ್ರೆ ಜೋಪಾನವಾಗಿ ನೋಡ್ಕಳಪ್ಪಾ!"

ತಿರುಗಿ ಬಂದರೆ ಮನೆ ನಿಶ್ಶಬ್ದ. ಜವರ ಏಣಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಜಗಲಿ ಮೇಲೆ ಕೂತಿದ್ದಾನೆ.

"ಅತ್ತೆ ಬರನಿಲ್ವೇನ್ಲಾ?"

"ಬಂದವ್ಳೆ ಕಣವ್ವ. ಜೋಪಾನ ಮಾಡಿವ್ನಿ."

ಅಟ್ಟದ ಮೇಲಿಂದ ಕೂಗು ಕೇಳಿತು. "ಯಾರಾದ್ರೂ ಇಳಿಸ್ರೋ! ಇಲಿ ಮೇಲಿದೆ ಬಾ ಅತ್ತೆ ಅಂತ ಹತ್ತಿಸಿ ಏಣಿ ಕಿತ್ಕೊಂಡು ಹೋದ್ನಲ್ರೋ! ಕುಂಬಳಕಾಯಿ ಜತೇಲಿ ನನ್ನೂ ಕೂರಿಸಿಬಿಟ್ನಲ್ರೋ!"

ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಬೇಕಾಯಿತು, ಏಣಿ ಹತ್ತಿ ಮೋಸಹೋಗಿದ್ದ ರಂಗವ್ವ ಏಣಿಯನ್ನು ಕಂಡರೇ ಬೆದರುತ್ತಿದ್ದಳು. ಸೆರಗು ಕೊಡವಿ, ತಲೆಯ ಮೇಲಿನ ಜೇಡರ ಬಲೆ ತೆಗೆದು, "ಈ ಪೆದ್ದನಿಗೆ ನನ್ನ ಮಗಳಾ? ನೋಡೇಬಿಡ್ತೀನಿ!" ಅಂತ ಹೊರಟೇಹೋದಳು.

"ಅಯ್ಯೋ ನನ್ನ ಹಣೆಬರಾನೇ! ಅತ್ತೇನ ಅಟ್ಟಕ್ಕೆ ಹಾಕ್ತಾರೇನ್ಲಾ? ಮನೆಗೆ ಹೊಸಬ್ರು ಬಂದ್ರೆ ಬನ್ನಿ ಬನ್ನಿ ಅಂತ ಕರೆದು, ಕಾಲಿಗೆ ನೀರು ಕೊಟ್ಟು, ಕೂರಾಕೆ ಹಾಸಿ, ಊರಲ್ಲಿ ಮಳೆ ಬೆಳೆ ಹೆಂಗೆ ಅಂತ ಕೇಳಬೇಕು. ಅಷ್ಟೂ ಗೊತ್ತಾಗಕ್ಕಿಲ್ವಾ?"

"ಈಗ ಗೊತ್ತಾಯ್ತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಒಂದು ಬೆಳಗ್ಗೆ ಚಿಕ್ಕತಾಯವ್ವ ನೀರಿಗೆ ಹೋಗಿದ್ದಳು. ಕೊಡ ಹೊತ್ತು ಬರುವಾಗ ಮನೆಯೊಳಗಿಂದ ಜವರನ ದನಿ ಕೇಳಿತು, ಯಾರನ್ನೋ ಉಪಚರಿಸುತ್ತಿದ್ದಾನೆ.

"ಬನ್ನಿ ಬನ್ನಿ! ಬಿಸಿಲಲ್ಲಿ ಬಂದ್ರೋ ಏನೋ, ಮೈಯೆಲ್ಲ ಕೆಂಪಗಾಗೈತೆ. ಎಲ್ರೂ ಕಾಲು ತೊಳ್ಕಳಿ. ನಿಮ್ಮ ಊರ ಕಡೆ ಮಳೆ ಬೆಳೆ ಹೆಂಗೆ?"

ಅಯ್ಯೋ, ಯಾರು ಬಂದರಪ್ಪಾ ಅಂತ ಅವಳು ಒಳಗೆ ಬಂದು ನೋಡುತ್ತಾಳೆ, ಗಡಿಗೆ ನೆಲದ ಮೇಲಿದೆ! ಪಕ್ಕದಲ್ಲಿ ಒಂದು ವೀಳ್ಯದೆಲೆ ಹಾಸಿದೆ. ಎಲೆಯ ಮೇಲೆ ಆಗಷ್ಟೇ ಹುಟ್ಟಿದ ಎಂಟು ಮರಿಗಳು. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಅವರೆಕಾಳಿಗಿಂತ ಒಂಚೂರು ದೊಡ್ಡವು. ಜವರ ಪೂಜೆಯ ಪುಟ್ಟ ಚಮಚ ಉದ್ದರಣೆಯಿಂದ ಒಂದೊಂದರ ಕಾಲಿಗೂ ನೀರು ಬಿಡುತ್ತಿದ್ದಾನೆ!

ಚಿಕ್ಕತಾಯವ್ವನ ಕೈಯಿಂದ ಕೊಡ ಜಾರಿತು. ಬೈಯಲೂ ಹೊತ್ತಿಲ್ಲ. ಗೂಡಿನ ಚಿಂದಿಯನ್ನು ಎರಡೂ ಕೈಗೆ ಗಸಗಸ ಉಜ್ಜಿಕೊಂಡಳು. ಇನ್ನೊಂದಿಷ್ಟು ಚಿಂದಿಯನ್ನು ಒಲೆಯ ಬಿಸಿಗೆ ಹಿಡಿದು ಬೆಚ್ಚಗೆ ಮಾಡಿ, ಮರಿಗಳನ್ನು ಒತ್ತಿ ಒತ್ತಿ ಒರೆಸಿದಳು. ಗಡಿಗೆಯ ಒಳಗೆ ಒಂದು ಬದಿಗೆ ಮೆಲ್ಲಗೆ ಇಟ್ಟಳು. ತಾಯಿ ಇಲಿ ಇನ್ನೊಂದು ಬದಿಯಲ್ಲಿ ನಿಂತು ಮೂಗು ಅಲ್ಲಾಡಿಸಿತು. ಮರಿಗಳ ಹತ್ತಿರ ಬಂತು. ಮೂಸಿತು. ಹಿಂದಕ್ಕೆ ಹೋಯಿತು. ಚಿಕ್ಕತಾಯವ್ವನಿಗೆ ಅಳು ಬಂದುಬಿಟ್ಟಿತು. ಇಲಿಗಾಗಿ ಅಲ್ಲ, ಮಗನಿಗಾಗಿ. ಆಮೇಲೆ ಆ ಇಲಿತಾಯಿ ಏನೋ ಮನಸ್ಸು ಮಾಡಿ ಮತ್ತೆ ಬಂತು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ಒಯ್ದಿತು. ಇನ್ನೊಂದನ್ನು ಒಯ್ದಿತು. ಒಂದನ್ನೂ ಬಿಡದೆ ಒಯ್ದು, ಮೇಲೆ ಮಲಗಿಕೊಂಡಿತು.

"ಬದುಕಿದ್ವು" ಅಂತ ಚಿಕ್ಕತಾಯವ್ವ ನೆಲಕ್ಕೆ ಕುಸಿದು ಕೂತಳು. ಕೂತ ಮೇಲೆ ಬೈಗುಳ ಶುರುವಾಯಿತು. "ಅಯ್ಯೋ ನನ್ನ ಹಣೆಬರಾನೇ! ಹಸುಗೂಸಿಗೆ ಕಾಲು ತೊಳೆಸ್ತಾರೇನ್ಲಾ? ನೋಡಿದ್ಯಾ, ನಾನು ಹೆಂಗೆ ಮಾಡಿದೆ? ಎಳೇ ಕೂಸು ಮುಟ್ಟೋಕೆ ಮುಂಚೆ ಅದರ ಹಾಸಿಗೆ ಬಟ್ಟೇನೇ ಕೈಗೆಲ್ಲ ಉಜ್ಜಿಕೋಬೇಕು. ಇನ್ನು ಕಣ್ಣು ಬಿಡೋಗಂಟ ಈ ಗಡಿಗೆ ಕಡೆ ಕಣ್ಣೆತ್ತಿ ನೋಡಿದ್ರೆ ನಿನ್ನ ಸುಮ್ಕೆ ಬಿಡಕ್ಕಿಲ್ಲ!"

"ನೋಡಕ್ಕಿಲ್ಲ ಕಣವ್ವ" ಅಂದ ಜವರ. ಅವತ್ತೇ ಬೆಕ್ಕಿಗೆ ಕಟ್ಟಿದ್ದ ಪಟ್ಟಿಯನ್ನು ಹುಡುಕಿ ತಂದು ತನ್ನ ಕಣ್ಣಿಗೆ ಕಟ್ಟಿಕೊಂಡ. ಗಡಿಗೆ ಇದ್ದ ಕೋಣೆಗೆ ಹೋಗುವಾಗಲೆಲ್ಲ ಪಟ್ಟಿ. ತಡಕಾಡಿಕೊಂಡು ಹೋಗಿ, ಕಂಬಕ್ಕೆ ಗುದ್ದಿಕೊಂಡು, ಮುಚ್ಚಳದ ಸಂದಿಯಿಂದ ನೆನೆದ ಕಾಳು ಉದುರಿಸಿ, ಇನ್ನೊಂದು ಕಂಬಕ್ಕೆ ಗುದ್ದಿಕೊಂಡು ವಾಪಸ್ ಬರುತ್ತಿದ್ದ. ಹಣೆಯ ಮೇಲೆ ಎರಡು ಬೋರೆ ಎದ್ದವು. ಮರಿಗಳನ್ನು ಮಾತ್ರ ಅವನು ನೋಡಲಿಲ್ಲ.

ಆ ನಡುವೆ ಮರಿಗೌಡನ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ಬಂತು. ಹೊನ್ನಿಯ ಅಕ್ಕ ಹೆರಿಗೆಗೆ ತವರಿಗೆ ಬಂದವಳು ಗಂಡುಮಗು ಹೆತ್ತಿದ್ದಳು. ಹೋಗದೆ ಇರಲಾಗದು. ಚಿಕ್ಕತಾಯವ್ವ ಮಗನಿಗೆ ಒಗೆದ ಪಂಚೆ ಉಡಿಸಿ, ತಲೆಗೆ ಎಣ್ಣೆ ಹಚ್ಚಿ, "ತುಟಿ ಬಿಚ್ಚಬ್ಯಾಡ" ಅಂತ ಹೇಳಿ ಕರೆದುಕೊಂಡು ಹೋದಳು. ಜವರ ತುಟಿ ಬಿಚ್ಚಲಿಲ್ಲ. ಪಾಯಸ ಕೊಟ್ಟಾಗಲೂ ಬಿಚ್ಚಲಿಲ್ಲ.

ಹೆಂಗಸರು ತೊಟ್ಟಿಲ ಸುತ್ತ ಹಾಡುತ್ತಿದ್ದರು. ಚೆಲುವಯ್ಯ ಜರಿಪಂಚೆ ಉಟ್ಟು ನಡುಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ನಮ್ಮ ಮನೆ ಇಲೀನೂ ಮರಿ ಹಾಕಿದೆ. ಬೆಳಗ್ಗೆ ನೋಡ್ತೀನಿ, ಮಧ್ಯಾಹ್ನ ನೋಡ್ತೀನಿ. ಎಷ್ಟಿವೆ ಅಂತ ಕಡ್ಡೀಲಿ ತಿವಿದು ಎಣಿಸ್ತಾನೇ ಇರ್ತೀನಿ" ಅಂತ ಹೇಳಿಕೊಳ್ಳುತ್ತಿದ್ದ. ಹೊನ್ನಿ ಅವನ ಮುಖ ನೋಡಿದಳು.

"ಬಾ ಜವರ, ಕೂಸೆತ್ಕೋ" ಅಂದಳು ಬಾಣಂತಿ.

ಜವರ ಎದ್ದ. ತೊಟ್ಟಿಲ ಹತ್ತಿರ ಬಂದ. ತಕ್ಷಣ ತೊಟ್ಟಿಲೊಳಗಿದ್ದ ಬಟ್ಟೆ ಎಳೆದುಕೊಂಡ. ಒದ್ದೆ ಬಟ್ಟೆ! ಬರೀ ಒದ್ದೆಯಾಗಿದ್ದರೆ ಪರವಾಗಿರಲಿಲ್ಲ. ಅದನ್ನು ಕೈಗೆ ಉಜ್ಜಿದ, ತೋಳಿಗೆ ಉಜ್ಜಿದ, ಎಣ್ಣೆ ಹಚ್ಚಿದ ತಲೆಗೂ ಉಜ್ಜಿದ. ಹಾಡು ನಿಂತಿತು. ಹೆಂಗಸರು ಮೂಗು ಮುಚ್ಚಿಕೊಂಡರು.

"ಏನ್ಲಾ ಇದು ಗಲೀಜು!" ರಂಗವ್ವ ಕಿರುಚಿದಳು.

ಆಗ ಜವರ ತುಟಿ ಬಿಚ್ಚಿದ. "ಇಲ್ದಿದ್ರೆ ನನ್ನ ವಾಸನೆ ಹತ್ತಿ, ಅಕ್ಕ ಕೂಸನ್ನ ತಿಂದುಬಿಟ್ಟಾಳು ಕಣತ್ತೆ!"

ರಂಗವ್ವ ಪೊರಕೆ ಹುಡುಕಿದಳು. ಬಾಣಂತಿ ಬಾಯಿ ತೆರೆದವಳು ಮುಚ್ಚಲಿಲ್ಲ. ಹೊನ್ನಿ ಮಾತ್ರ ಅಡುಗೆಮನೆಗೆ ಓಡಿ, ಸೆರಗು ಬಾಯಿಗೆ ತುರುಕಿಕೊಂಡು, ಗೋಡೆಗೆ ಒರಗಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ದಾರಿಯುದ್ದಕ್ಕೂ ಚಿಕ್ಕತಾಯವ್ವ ಬೈದಳು. "ಅಯ್ಯೋ ನನ್ನ ಹಣೆಬರಾನೇ! ನಾಲ್ಕು ಜನ ಇದ್ದಾಗ ಕೂಸು ತೋರ್ಸಿದ್ರೆ ಉಜ್ಜೋದಲ್ಲ ಕಣ್ಲಾ! ಕೂಸಿನ ಮುಖ ನೋಡಬೇಕು, ಮನೆ ಹಿರೀಕನ ಮುಖ ನೋಡಬೇಕು, 'ಥೇಟ್ ನಿಮ್ಮ ಥರಾನೇ ಐತೆ' ಅನ್ನಬೇಕು. ಹಿರೀಕರು ಹಿಗ್ಗಿಹೋಗ್ತಾರೆ."

"ಹಂಗೇ ಆಗ್ಲಿ ಕಣವ್ವ. ಇನ್ಮೇಲೆ ಹಂಗೇ ಅಂತೀನಿ."

ಮರಿಗಳು ಕಣ್ಣು ಬಿಡುವ ಹೊತ್ತಿಗೆ ಮರಿಗೌಡ, ರಂಗವ್ವ, ಹೊನ್ನಿ ಮೂವರೂ ಬಂದರು. ಬಂದವರ ಮುಖ ಗಂಟು ಹಾಕಿತ್ತು. ಮೊದಲು ಚೆಲುವಯ್ಯನ ಮನೆಗೆ ಹೋಗಿ ಬಂದಿದ್ದರಂತೆ. ಅಲ್ಲಿ ಗಡಿಗೆಯಲ್ಲಿ ತಾಯಿ ಇಲಿ ಒಂದೇ ಇತ್ತಂತೆ. ಇಣುಕಿ ಇಣುಕಿ, ತಿವಿದು ತಿವಿದು, ಅದು ಬೆದರಿ ಮರಿಗಳನ್ನೆಲ್ಲ ತಿಂದುಹಾಕಿತ್ತಂತೆ.

"ಅಷ್ಟು ಜಾಣನ ಮನೇಲೇ ಹಿಂಗಾಯ್ತು. ಇನ್ನು ಈ ಮಹಾರಾಯನ ಮನೇಲಿ ಏನುಳಿದದೆ?" ಅಂದಳು ರಂಗವ್ವ, ಅಟ್ಟದ ಕಡೆಯಿಂದ ದೂರ ಸರಿದು ಕೂತು.

ಚಿಕ್ಕತಾಯವ್ವನೂ ಇಷ್ಟು ದಿನ ಒಳಗೆ ನೋಡಿರಲಿಲ್ಲ. ಹೊನ್ನಿ ಗಡಿಗೆ ಇಳಿಸಿದಳು. ಮುಚ್ಚಳ ತೆಗೆದಳು. ಮೇಲಿನ ನಾರು ಸರಿಸಿದಳು. ಬಗ್ಗಿ ಒಂದೊಂದಾಗಿ ಎಣಿಸಿದಳು.

"ಏನವ್ವಾ?" ಅಂದ ಗೌಡ.

"ಎಂಟು ಅವೆ ಅಪ್ಪ, ಎಂಟೂ ಬದುಕವೆ."

ಬೆಳ್ಳಗೆ ಅರಳಿದ ಹತ್ತಿಯಂಥ ಎಂಟು ಮರಿ. ಕುಂಕುಮದ ಬೊಟ್ಟಿನಂಥ ಪುಟ್ಟ ಪುಟ್ಟ ಕೆಂಪು ಕಣ್ಣು, ಎಲ್ಲವೂ ತೆರೆದಿವೆ! ಹೊನ್ನಿ ಕೈಗೆ ಚಿಂದಿ ಉಜ್ಜಿಕೊಂಡು ಒಂದನ್ನು ಎತ್ತಿ ಅಂಗೈ ಮೇಲೆ ಕೂರಿಸಿದಳು. ಅದು ಮುಂಗಾಲಲ್ಲಿ ಮುಖ ಒರೆಸಿಕೊಂಡಿತು. ಚಿಕ್ಕತಾಯವ್ವನೂ ಸೆರಗಲ್ಲಿ ಮುಖ ಒರೆಸಿಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಜವರ ಕಣ್ಣಪಟ್ಟಿ ಬಿಚ್ಚಿದ. ಇದ್ದದ್ದು ನಾಲ್ಕು ಜನ, ತೋರಿಸಿದ್ದು ಕೂಸು. ಮರಿಯ ಮುಖ ನೋಡಿದ. ಮರಿಗೌಡನ ಮುಖ ನೋಡಿದ. ಮತ್ತೆ ಮರಿಯ ಮುಖ ನೋಡಿದ.

"ಥೇಟ್ ನಿಮ್ಮ ಥರಾನೇ ಐತೆ ಮಾವ!" ಅಂದ. "ಮೀಸೆ ನೋಡಿ!"

ಗೌಡನ ಮೀಸೆ ಅದುರಿತು. ಅಂಗೈ ಮೇಲಿನ ಮರಿಯ ಮೀಸೆಯೂ ಅದುರಿತು. ಎರಡೂ ಒಂದೇ ಥರ ಅದುರಿದವು! ಚಿಕ್ಕತಾಯವ್ವ ಕಣ್ಣು ಮುಚ್ಚಿಕೊಂಡಳು, ಎಲ್ಲ ಮುಗಿಯಿತು ಅಂದುಕೊಂಡಳು.

ಮೊದಲು ನಕ್ಕವಳು ಹೊನ್ನಿ. ಆಮೇಲೆ, ನೀವು ನಂಬಿದರೆ ನಂಬಿ, ರಂಗವ್ವ. "ಅಯ್ಯೋ, ಹೌದು ಕಣ್ರೀ! ನಿಮ್ಮದೇ ಮೀಸೆ!" ಅಂತ ಹೊಟ್ಟೆ ಹಿಡಿದುಕೊಂಡಳು. ಗೌಡ ಮೀಸೆ ಮುಟ್ಟಿ ನೋಡಿಕೊಂಡ, ಮರಿಯನ್ನು ನೋಡಿದ, ಕಡೆಗೆ ತಾನೂ ನಕ್ಕ.

"ಅಪ್ಪ, ಜಾಣರಿಗೆ ಮುಟ್ಟಬ್ಯಾಡ ಅಂದ್ರೆ ಮುಟ್ಟೋ ಆಸೆಯಾಗ್ತದೆ" ಅಂದಳು ಹೊನ್ನಿ, ಜವರನ ಹಣೆಯ ಬೋರೆ ನೋಡುತ್ತ. "ಇವ್ರು ಕಣ್ಣು ಕಟ್ಕೊಂಡು ಕಾಳು ಹಾಕವ್ರೆ. ನನಗೆ ಇವ್ರೇ ಸಾಕು."

ಮರಿಗೌಡ ಜವರನ ಹೆಗಲ ಮೇಲೆ ಕೈಯಿಟ್ಟ. ತಿಳಿದವನು, ಊರಿಗೆ ಬುದ್ಧಿ ಹೇಳುವವನು, ಆದರೆ ಅವತ್ತು ಒಂದು ಮಾತು ಜಾಸ್ತಿ ಆಡಿಬಿಟ್ಟ. "ಇಲಿ ನೋಡ್ಕಂಡಂಗೇ ನನ್ನ ಮಗಳನ್ನೂ ನೋಡ್ಕಳಪ್ಪ."

"ಆಗ್ಲಿ ಮಾವ. ಹಂಗೇ ಮಾಡ್ತೀನಿ."

ಮದುವೆಯಾಯಿತು. ಊರೆಲ್ಲ ಉಂಡಿತು. ಹೊನ್ನಿಯೂ ಹೋಳಿಗೆ ಮೇಲೆ ಹೋಳಿಗೆ ತಿಂದು ಹೊಟ್ಟೆ ದುಂಡಗೆ ಮಾಡಿಕೊಂಡು ಗಂಡನ ಮನೆ ಹೊಸಿಲು ದಾಟಿದಳು. ಚಿಕ್ಕತಾಯವ್ವ ಆರತಿ ತಟ್ಟೆ ಇಟ್ಟು, ನೆಂಟರನ್ನು ಊರ ಬಾಗಿಲತನಕ ಕಳಿಸಿ ಬಂದಳು. ಬರುವಾಗಲೇ ಬೀದಿಯಲ್ಲಿ ಒಂದು ಬೆಕ್ಕು ಕಂಬಕ್ಕೆ ಗುದ್ದಿಕೊಂಡಿತು. ಅವಳು ಮನೆಗೆ ಓಡಿದಳು.

ಒಳಗೆ ಹೋದರೆ ಮಗನೂ ಇಲ್ಲ, ಸೊಸೆಯೂ ಇಲ್ಲ. ನಡುಮನೆಯ ಮೂಲೆಯಲ್ಲಿ ರಾಗಿ ತುಂಬಿಡುವ ಎದೆಯೆತ್ತರದ ಮಣ್ಣಿನ ವಾಡೆ ಎರಡು. ಒಂದರ ಮುಚ್ಚಳ ತೆಗೆದಿದೆ. ಇಣುಕಿದರೆ, ತೆಂಗಿನ ನಾರಿನ ಮೇಲೆ, ಹಳೇ ಸೀರೆಯ ಚಿಂದಿಯ ನಡುವೆ, ಬಾಸಿಂಗದ ಗುರುತು ಇನ್ನೂ ಹಣೆಯಲ್ಲಿರುವ ಹೊನ್ನಿ ಆರಾಮವಾಗಿ ಕೂತಿದ್ದಾಳೆ! ಮಡಿಲಲ್ಲಿ ಒಂದು ಬಟ್ಟಲು.

"ಅತ್ತೆ, ಹೆಸರುಕಾಳು ಚೆನ್ನಾಗಿ ನೆಂದವೆ. ವಸಿ ಬೆಲ್ಲ ಕೊಡಿ" ಅಂದಳು ನಗುತ್ತ. "ಇಷ್ಟು ಮೆತ್ತಗೆ ನನಗೆ ಯಾರೂ ಹಾಸಿಕೊಟ್ಟಿರನಿಲ್ಲ."

"ಅವನೆಲ್ಲವ್ವಾ?"

ಹೊನ್ನಿ ಇನ್ನೊಂದು ವಾಡೆಯ ಕಡೆ ಬೆರಳು ತೋರಿದಳು. ಅದರ ಮುಚ್ಚಳ ಮುಚ್ಚಿತ್ತು. ಮುಚ್ಚಳಕ್ಕೆ ಉಸಿರಾಡಲು ತೂತು ಮಾಡಿತ್ತು.

ಚಿಕ್ಕತಾಯವ್ವ ಹಣೆಗೆ ಕೈಯೆತ್ತಿದವಳು ಹಾಗೇ ನಿಂತಳು. ಈಗ ಇನ್ನೊಂದು ಬುದ್ಧಿಮಾತು ಹೇಳಿದರೆ ಅದನ್ನೂ ಕೇಳುತ್ತಾನಲ್ಲ! ಬುದ್ಧಿ ಹೇಳುವುದು ಬಿಟ್ಟು ವಾಡೆ ತಟ್ಟಿದಳು.

"ಲೋ ಜವರ, ಈಚೆ ಬಾರ್ಲಾ!"

"ಬರಂಗಿಲ್ಲ ಕಣವ್ವ" ಅಂತ ಒಳಗಿನಿಂದ ದನಿ ಬಂತು. "ಅವಳ ಹೊಟ್ಟೆ ದುಂಡಗಾಗೈತೆ. ಮರಿ ಹುಟ್ಟಿ ಕಣ್ಣು ಬಿಡೋಗಂಟ ಗಂಡು ಬೇರೆ ಇರಬೇಕು."

"ಮದುವೆ ಇವತ್ತಾಗೈತೆ, ನೀನು ಹೋಗಿ ವಾಡೇಲಿ ಕೂತ್ರೆ ಮರಿ ಎಲ್ಲಿಂದ ಹುಟ್ತದ್ಲಾ ಪೆದ್ದ ಮುಂಡೇದೇ!"

ವಾಡೆಯೊಳಗೆ ತಲೆ ಕೆರೆದುಕೊಳ್ಳುವ ಸದ್ದು ಕೇಳಿತು. ಜವರ ಯೋಚನೆ ಮಾಡುತ್ತಿದ್ದ. ಆಮೇಲೆ ತೂತಿನಿಂದ ಮೆಲ್ಲಗೆ ಮಾತು ಬಂತು.

"ಅದನ್ನ ಹೊನ್ನಿ ಹೇಳನೇ ಇಲ್ವಲ್ಲವ್ವಾ!"